ಇಂಜಿನ್ ಒದರತಿತ್ತು, ದೋಣಿ ಹೋಗತಿರಲಿಲ್ಲ

ಅಲ್ಲಲ್ಲ, ಇಂಜಿನ್ ಚಾಲೂನ ಇತ್ತು. ಅದನ್ನ ನಾ ಹೇಳಾಕತ್ತೀನಿ, ನೀವು ಕೇಳವಲ್ರಿ. ಬಂದ್ ಬಿದ್ದ ಇಂಜಿನ್ ಆಗಿದ್ರ ನನಗ ಇಷ್ಟು ಕಾಡತಿರಲಿಲ್ಲ. ಬಂದ್ ಬಿತ್ತಂದ್ರ ಬಂದ್ ಬಿತ್ತು, ಈಚಿ ದಂಡಿಯಾಂವಗೂ ತಿಳೀತೈತಿ, ಆಚಿ ದಂಡಿಯಾಂವಗೂ ತಿಳೀತೈತಿ. ಇದು ಹಂಗಲ್ಲ. ಭರ್ರ್ ಅಂತ ಒದರತಿತ್ತು, ಹೊಗಿ ಬಿಡತಿತ್ತು, ಕುಂತ ಹಲಗಿ ಸೈತ ನಡಗತಿತ್ತು, ಆದ್ರ ದೋಣಿ ಮಾತ್ರ ನಿಂತಲ್ಲೇ ನಿಂತಿತ್ತು. ಕುಂದರ್ರಿ ಮೊಮ್ಮಕ್ಕಳ್ರಾ, ಮದಲಿಂದ ಹೇಳ್ತೀನಿ.

ಇಪ್ಪತ್ತೈದು ವರ್ಷ ಆಗಿರಬೇಕು, ಒಂದೀಟು ಹೆಚ್ಚು ಕಮ್ಮಿ. ನಂದು ಆಗ ಬೆಳಗಾವ್ಯಾಗ ಪಂಪ್‌ಸೆಟ್ ರಿಪೇರಿ ಅಂಗಡಿ, ಖಡೇಬಜಾರ್ ಹಿಂದಿನ ಗಲ್ಲಿಯೊಳಗ. ನಿಮ್ಮ ಆಯಿ ತಮ್ಮ ಶಂಕರ ಖಾನಾಪುರದ ಕಡೆ ಹಳ್ಯಾಗ ಇದ್ದಾ. ಅವನ ಮನಿ ಹೊಳಿ ಈಚಿ ದಂಡಿಗೆ, ಹೊಲ ಆಚಿ ದಂಡಿಗೆ. ಮಳಿಗಾಲ ಬಂತಂದ್ರ ಮಲಪ್ರಭಾ ತುಂಬತಿತ್ತು, ಸೇತುವಿ ಸುತ್ತ ಹಾಕಿ ಹೊಲಕ್ಕ ಹೋಗಬೇಕು. ಅದಕ್ಕ ಬ್ಯಾಸತ್ತು ಗೋವಾಕ್ಕ ಹೋಗಿ ಒಂದು ಹಳೀ ದೋಣಿ, ಅದರ ಹಿಂದ ಸಿಗಿಸೂ ಅಂಥಾ ಸಣ್ಣ ಇಂಜಿನ್, ಎರಡೂ ಟೆಂಪೋದಾಗ ಹೇರಿ ಕಣಕುಂಬಿ ಮ್ಯಾಲಿಂದ ತಂದಾ. ತಂದಾ ಖರೇ, ಚಾಲೂ ಮಾಡಾಕ ಬರವಲ್ದು. ಮಾಮಾ ನೀ ಬಾ ಅಂತ ಹೇಳಿ ಕಳಿಸಿದಾ. ನಾ ಪಂಪಿನ ಮನಶ್ಯಾ, ದೋಣಿ ಇಂಜಿನ್ ಮುಟ್ಟಿದಾಂವ ಅಲ್ಲ. ಆದ್ರೂ ಹತಿಯಾರದ ಚೀಲ ತಗೊಂಡು ಹೋದ್ನಿ. ಪ್ಲಗ್ ತಗದು ಒರಸಿ, ಎಣ್ಣಿ ಬದಲಿ ಮಾಡಿ ಹಗ್ಗ ಜಗ್ಗಿದ್ನಿ ನೋಡ್ರಿ, ಚಾಲೂ ಆತು. ದಂಡಿಗುಂಟ ಎರಡು ಸುತ್ತು ಹೊಡದಿವಿ. ಶಂಕರ ಸಣ್ಣ ಹುಡುಗರಗತೆ ನಗಾಕತ್ತಿದ್ದಾ.

ಆವತ್ತ ಮಧ್ಯಾಹ್ನ, ಅಲ್ಲ, ಮರುದಿನ ಮಧ್ಯಾಹ್ನ, ಊಟಕ್ಕ ಕುಂತಿದ್ದಿವಿ. ಗೌಳ್ಯಾರ ಓಣಿಯಿಂದ ಒಬ್ಬಾಕಿ ಓಡಿ ಬಂದಳು. ವಿಠೋಬಾ ಅಂತ ಒಬ್ಬ ಮುದುಕ ಇದ್ದಾ, ಎಮ್ಮಿ ಕಾಯಾಂವ. ಅವನೂ ಅವನ ಮಗಳು ಸಖೂನೂ ಎಮ್ಮಿ ಹೊಡಕೊಂಡು ಬರಾಕ ನಡುಗಡ್ಡಿಗೆ ಹೋಗ್ಯಾರ, ಮ್ಯಾಲ ಕಾಡಿನ್ಯಾಗ ಮಳಿ ಜೋರಾಗಿ ಹೊಳಿ ಒಮ್ಮೆಲೆ ಏರೈತಿ, ಎಮ್ಮಿ ಈಸಿ ಮನಿಗೆ ಬಂದಾವು, ಇವರು ಬಂದಿಲ್ಲ ಅಂತ. ಮಂದಿ ಹಗ್ಗ ತಗೊಂಡು ಸೇತುವಿ ಕಡೆ ಹೋಗ್ಯಾರ, ನಿಮ್ಮ ದೋಣಿ ಐತೆಲ್ಲ, ಹೋಗ್ರೆಪಾ ಅಂದಳು. ಕೈ ತೊಳದಿವೋ ಇಲ್ಲೋ ಗೊತ್ತಿಲ್ಲ. ಚೀಲ ಹೆಗಲಿಗೆ ಹಾಕೊಂಡು ಇಬ್ಬರೂ ದೋಣಿ ಹತ್ತಿದಿವಿ.

ಹೊಳಿ ಬಣ್ಣ ಬ್ಯಾರೆನ ಇತ್ತು. ಹೊಲ ಯಾವುದು, ಹೊಳಿ ಯಾವುದು, ಒಂದೂ ತಿಳೀತಿರಲಿಲ್ಲ, ಎಲ್ಲಾ ಕೆಂಪು ನೀರು. ಅರ್ಧ ದಾರಿ ಚಲೋ ಹೋದಿವಿ. ಆಮ್ಯಾಲ ನೀರಾಗ ಮುಣುಗಿದ್ದ ಯಾರದೋ ಹೊಲದ ಬದುವಿನ ಕಲ್ಲಿಗೆ ಖಟ್ ಅಂತ ಬಡೀತು. ಇಂಜಿನ್ ಬಂದ್ ಆಗಲಿಲ್ಲ. ಉಲ್ಟಾ, ಮದಲಿಗಿಂತ ಜೋರಾಗಿ ಒದರಾಕತ್ತಿತು. ಆದ್ರ ದೋಣಿ ಅಡ್ಡ ತಿರುಗಿ ಸೆಳವಿಗೆ ಹೊಂಟಿತು. ಶಂಕರ ಕೈಗೆ ಸಿಕ್ಕ ಬಿದರಮೆಳಿ ಹಿಡದಾ, ಹಗ್ಗ ಸುತ್ತಿದಾ. ನಾ ಇಂಜಿನ್ ಬಂದ್ ಮಾಡಿದ್ನಿ. ಬಂದ್ ಮಾಡಿದ ಮ್ಯಾಲ ಕೇಳಿಸ್ತು ನೋಡ್ರಿ ಆ ದನಿ. ಬಿದರಿನ ಆಚಿಕಡೆಯಿಂದ, ಉದ್ದಾಗಿ.

"ಆಲಾ ಕಾ ರೇ?"

ಮರಾಠಿಯೊಳಗ. ಬಂದ್ರೇನಪಾ, ಅಂತ. ನಮಗ ಅವ ಕಾಣತಿರಲಿಲ್ಲ, ನಾವು ಅವಗ ಕಾಣತಿರಲಿಲ್ಲ, ನಡುವ ಬಿದರು. ಶಂಕರ ಎದ್ದು ನಿಂತು, ಥಾಂಬಾ ಆಜೋಬಾ, ಥಾಂಬಾ, ಅಲ್ಲೇ ನಿಂದ್ರು ಅಜ್ಜಾ ಅಂತ ಗಂಟಲ ಹರಕೊಂಡಾ. ಆದ್ರ ಗಾಳಿ ಮುದುಕನ ಕಡೆಯಿಂದ ನಮ್ಮ ಕಡೆ ಬೀಸತಿತ್ತು. ಅವಂದು ನಮಗ ಮುಟ್ಟತಿತ್ತು, ನಮ್ಮದು ಅವಗ ಮುಟ್ಟತಿರಲಿಲ್ಲ. ಇದು ನನಗ ಆಮ್ಯಾಲ ತಿಳೀತು. ಆಗ ಅದನ್ನೆಲ್ಲಾ ವಿಚಾರ ಮಾಡೂ ಹೊತ್ತಲ್ಲ.

ಪಂಖಾಕ್ಕ ಹುಲ್ಲು ಸುತ್ತಿರಬೇಕು ಅಂದ್ಕೊಂಡ್ನಿ. ದೋಣಿ ಇಂಜಿನ್ನಿಗೆ ನೀರಾಗ ಒಂದು ಪಂಖಾ ಇರತೈತಿ, ಅದು ತಿರುಗಿದ್ರನ ದೋಣಿ ಮುಂದ ಹೋಗೂದು. ಇಂಜಿನ್ ಮ್ಯಾಲಕ್ಕ ಎತ್ತಿ ನೋಡಿದ್ನಿ, ಖರೇನ ಹುಲ್ಲು ಇತ್ತು, ಕಿತ್ತು ಒಗದ್ನಿ. ಇಳಿಸಿ ಚಾಲೂ ಮಾಡಿದ್ನಿ. ಭರ್ರ್. ದೋಣಿ ಇಲ್ಲ. ಗೇರಿನ ಹಿಡಿಕಿ ಜಾರಿರಬೇಕು ಅಂತ ಹಿಂದ ಮುಂದ ಮಾಡಿದ್ನಿ, ಎಕ್ಸಲೇಟರ್ ಪೂರಾ ತಿರುವಿದ್ನಿ. ಒದರಿತು, ಒದರಿತು, ಇಡೀ ಹೊಳಿ ತುಂಬ ಒದರಿತು. ದೋಣಿ ಇಲ್ಲ. ಮತ್ತ ಬಂದ್ ಮಾಡಿದ್ನಿ. ಆ ದನಿ ಮತ್ತ ಬಂತು. ಈ ಸಲ ಹೆಂಗ ಬಂತು ಗೊತ್ತೇನು? ಖುಷೀಲೆ ಬಂತು. ಪಾವ್ಣ್ಯಾರು ಬಂದಾಗ ಕಟ್ಟಿ ಇಳದು ಮುಂದ ಬಂದು ಕರೀತಾರಲ್ಲ, ಹಂಗ.

"ಆಲಾ ಕಾ?"

ಶಂಕರ ಮತ್ತ ಒದರಿದಾ. ನಾ ತಲಿ ಎತ್ತಲಿಲ್ಲ, ಹುಡುಕಾಕ ಹತ್ತಿದ್ನಿ. ಇಂಜಿನ್ ಬಂದ್ ಇಟ್ಟು, ಗೇರು ಹಾಕಿ, ಪಂಖಾ ಕೈಲೆ ತಿರುವಿದ್ನಿ. ಗೇರಿನ್ಯಾಗ ಇದ್ದ ಪಂಖಾ ಕೈಗೆ ಬಿಗಿ ಹತ್ತಬೇಕು. ಇದು ಆಟದ ಗಿರಗಿಟ್ಟಲಿಗತೆ ಗರಗರ ತಿರುಗಿತು. ಆಗ ತಿಳೀತು. ಪಂಖಾಕ್ಕೂ ಅದನ್ನ ತಿರುಗಸೂ ಸಳಿಗೂ ನಡುವ ಅಡ್ಡ ಒಂದು ಸಣ್ಣ ಪಿನ್ನು ಇರತೈತಿ. ಕಲ್ಲಿಗೆ ಬಡದ್ರ ಅದು ಮುರದು, ಒಳಗಿನ ಗೇರು ಉಳೀಲಿ ಅಂತ ಮಾಡಿರತಾರ. ಅದು ಮುರದಿತ್ತು. ಇಂಜಿನ್ ತನ್ನ ಪಾಡಿಗೆ ತಾ ತಿರುಗತಿತ್ತು, ಪಂಖಾಕ್ಕ ಸುದ್ದಿನ ಇರಲಿಲ್ಲ.

ಬ್ಯಾರೆ ಪಿನ್ನು ಎಲ್ಲಿಂದ ತರೂದು? ಶಂಕರ ಕುಂದರೂ ಹಲಗಿಯೊಳಗಿನ ಒಂದು ಮೊಳಿ ಪಕ್ಕಡ್‌ಲೆ ಕಿತ್ತಾ. ಕಬ್ಬಿಣ ಕೊಯ್ಯೂ ಬ್ಲೇಡು ನನ್ನ ಚೀಲದಾಗ ಇತ್ತು. ದೋಣಿ ಹೊಯ್ದಾಡಾಕತ್ತೈತಿ, ಮಳಿ ನೀರು ಕಣ್ಣಾಗ ಇಳ್ಯಾಕತ್ತೈತಿ, ಪಂಖಾದ ನಟ್ಟು ಕೈಜಾರಿ ಬಿತ್ತಂದ್ರ ಮುಗೀತು, ಹೊಳಿ ಪಾಲು. ನಟ್ಟು ಬಾಯಾಗ ಹಿಡದು ಮೊಳಿ ಕೊಯ್ದ್ನಿ. ಅಡ್ಡ ಹಾಕಿದ್ನಿ, ಸ್ವಲ್ಪ ದಪ್ಪ ಆತು, ಉಜ್ಜಿದ್ನಿ, ಮತ್ತ ಹಾಕಿದ್ನಿ. ಅಷ್ಟೊತ್ತಿಗೆ ಶಂಕರ ಸಣ್ಣ ದನೀಲೆ ಅಂದಾ, "ಮಾಮಾ, ಅಜ್ಜ ಸುಮ್ಮಾದಾ." ಒದರಿ ಒದರಿ ದಣದಿರಬೇಕು ಅಂದ್ನಿ ನಾ. ನನಗ ಹಂಗ ಅನಿಸಿತ್ತು ಖರೇನ.

ಚಾಲೂ ಮಾಡಿದ್ನಿ. ಹೋತು. ಮೊಳಿ ಹಿಡೀತು. ಹೌರಗ ಬಿದರಮೆಳಿ ಸುತ್ತಿ ಹೋದಿವಿ. ನಡುಗಡ್ಡಿ ಇರಲಿಲ್ಲ, ಒಂದು ಹೊಳಿಮತ್ತಿ ಗಿಡ ಅಷ್ಟ ನೀರಾಗ ನಿಂತಿತ್ತು. ಗಿಡದ ಮ್ಯಾಲ ಸಖೂ, ಟೊಂಗಿ ಅವಚಿಕೊಂಡು. ಮೈಮ್ಯಾಲ ಅಪ್ಪನ ಕಂಬಳಿ. ನಮ್ಮನ್ನ ನೋಡಿದಳು. ನಮ್ಮ ಮಾರಿ ನೋಡಲಿಲ್ಲ ರೀ ಅಕಿ, ದೋಣಿ ಒಳಗ ನೋಡಿದಳು. ಈ ತುದಿಯಿಂದ ಆ ತುದಿತನ ನೋಡಿದಳು.

"ಬಾಬಾ ಎಲ್ಲಿ?" ಅಂದಳು.

ಶಂಕರ ಗಿಡಕ್ಕ ಹಗ್ಗ ಹಾಕಿದಾ. ಸಖೂನ ಮತ್ತ ಅಂದಳು,

"ನಿಮ್ಮ ಕಡೇನ ಬಂದಾನಲ್ಲ. ಇಂಜಿನ್ ಬಂದ್ ಆತು, ಅವನ್ನ ಹತ್ತಿಸ್ಕೊಂಡ್ರಿ ಅಂತ ನಾ ತಿಳದ್ನಿ."

ಇಷ್ಟ ಆಗಿದ್ದು. ಮುದುಕನೂ ಗಿಡದ ಮ್ಯಾಲನ ಇದ್ದಾ, ಮಗಳ ಬಾಜೂಕನ. ಇಂಜಿನ್ ಸಪ್ಪಳ ಕೇಳಿತು, ದೋಣಿ ಬಂತು ಅಂದಾ. ಸಪ್ಪಳ ಜೋರ ಆತು, ಹಂತ್ಯಾಕ ಬಂತು ಅಂದಾ. ಕಂಬಳಿ ಮಗಳಿಗೆ ಹೊಚ್ಚಿ, ದೋಣಿ ಹಗ್ಗ ಹಿಡ್ಯಾಕ ಯಾರರ ಕೆಳಗ ಬೇಕಲ್ಲ ಅಂತ ಇಳದಾ. ಎದಿಮಟ ನೀರಾಗ ನಿಂತು ಕರದಾ. ಆಮ್ಯಾಲ ಎರಡು ಹೆಜ್ಜಿ ಮುಂದ ಇಟ್ಟಾ, ಸಪ್ಪಳದ ಕಡೆ. ಬಿದರಿನ ಮರಿಗೆ ಹೋಗಿ ಮಗಳಿಗೆ ಕಾಣದಾದಾ, ಅಲ್ಲೇ ಸೆಳವು ಎಳಕೊಂಡು ಹೋಗಿರಬೇಕು. ನಾವು ಅಲ್ಲೇ ಬಿದರಿಗೆ ಕಟ್ಟಿಕೊಂಡು ಕುಂತಿದ್ದಿವಿ, ಒಂದು ಗೇಣೂ ಸರದಿರಲಿಲ್ಲ.

ಹುಡುಕಿದಿವಿ, ಸಖೂನ್ನ ದೋಣ್ಯಾಗ ಕುಂದರಿಸ್ಕೊಂಡನ ಹುಡುಕಿದಿವಿ. ಅಕಿ ಅಳಲಿಲ್ಲ. ಪ್ರತೀ ಟೊಂಗಿ ಕಡೆ ಬಟ್ಟು ಮಾಡಿ, ಅಲ್ಲಿ ನೋಡ್ರಿ, ಇಲ್ಲಿ ನೋಡ್ರಿ ಅಂತಿದ್ದಳು. ನೀರು ಇಳದ ಮ್ಯಾಲ ಕೆಳಗಿನ ಊರಾಗ ವಿಠೋಬಾನ ಹೆಣ ಸಿಕ್ಕಿತು.

ಯಾರೂ ನಮಗ ಏನೂ ಅನಲಿಲ್ಲ. ಮಗಳನ್ನರ ಉಳಿಸಿದ್ರಿ ಅಂತ ಕೈ ಮುಗದರು. ನಾ ಬೆಳಗಾವಿಗೆ ಬಂದು ಅಂಗಡಿ ತಗದ್ನಿ. ಆದ್ರ ಪಂಪ್ ರಿಪೇರಿ ಮಾಡಿ ಚಾಲೂ ಮಾಡಿ ನೋಡಬೇಕಲ್ಲ, ಚಾಲೂ ಮಾಡತಿದ್ನಿ, ಬಂದ್ ಮಾಡತಿದ್ನಿ, ಬಂದ್ ಮಾಡಿ ಸುಮ್ಮ ನಿಂದರತಿದ್ನಿ. ಗಿರಾಕಿ ಕೇಳಾಂವ, ಏನ್ರೀ, ಏನ ಕೇಳಾಕತ್ತೀರಿ ಅಂತ. ಬೇರಿಂಗ್ ಸಪ್ಪಳ ನೋಡಾಕತ್ತೀನಿ ಅಂತಿದ್ನಿ. ಖಡೇಬಜಾರಿನ ಗದ್ದಲದಾಗೂ ನನಗ ಕೇಳತಿತ್ತು. ನಿಮ್ಮ ಆಯಿಗೂ ಹೇಳಿರಲಿಲ್ಲ. ಈಗೂ ಮಿಕ್ಸರ್ ಬಂದ್ ಆತಂದ್ರ ಒಂದು ಗಳಿಗಿ ನಾ ಮಾತು ನಿಲ್ಲಸ್ತೀನಿ, ನೋಡೀರೋ ಇಲ್ಲೋ.

ಒಂದ್ಸಲ ಸಖೂ ಅಂಗಡಿಗೆ ಬಂದಿದ್ದಳು. ಲಗ್ನ ಆಗಿತ್ತು, ಗುಂಜಿ ಕಡೆ ಕೊಟ್ಟಿದ್ರು, ಬಜಾರಕ್ಕ ಬಂದಾಕಿ ಕೇಳಕೋತ ಬಂದು ನಿಂತಳು. ಕುಂದರವಾ ಅಂದ್ರ ಕುಂದರಲಿಲ್ಲ. ಚಾ ತರಿಸಿದ್ನಿ, ಕುಡದಳು. ಆಮ್ಯಾಲ ಅಂದಳು, "ಅಣ್ಣಾ, ನೀವು ಬಂದ್ರಿ ಅಂತ ತಿಳಕೊಂಡನ ಹೋಗ್ಯಾನ ಅಂವ. ನಕ್ಕೋತ ಇಳದಾ. ಅಂಜಲಿಲ್ಲ." ಅಕಿ ನನಗ ಸಮಾಧಾನ ಹೇಳಾಕನ ಬಂದಿದ್ದಳು ಪಾಪ. ನನಗ ಸಮಾಧಾನ ಆಗಲಿಲ್ಲ. ಅಂಜಿದ್ರ ಗಿಡದ ಮ್ಯಾಲನ ಇರತಿದ್ದಾ ಅಲ್ಲೇನು. ಹಂಗ ಅಂತ ಅಕಿ ಮುಂದ ಅನಾಕ ಬರತೈತೇನು? ಹೂಂ ತಂಗಿ ಅಂದ್ನಿ. ಅಕಿ ಹೋದಳು.

ಅದಕ್ಕ ಹೇಳೂದು ನಿಮಗ. ಯಾರರ ಕರದ್ರ, ಬಂದ್ನಿ ಬಂದ್ನಿ ಅಂತ ಕುಂತಲ್ಲಿಂದ ಒದರಬ್ಯಾಡ್ರಿ. ನಿಮ್ಮವ್ವನ ಇರಲಿ, ಯಾರ ಇರಲಿ. ಆ ಮಾತು ನಂಬಿ ಆ ಕಡೆ ಒಬ್ಬರು ಹೆಜ್ಜಿ ತಗೀತಿರತಾರ. ಮದಲ ಎದ್ದು ನಡೀರಿ, ಆಮ್ಯಾಲ ಅನ್ರಿ.