ಮೊಣಕೈ ಅಳತೆ

...ಅಲ್ಲಾಡಬೇಡ ಅಂದ್ನಲ್ಲ! ಟೇಪು ಜಾರ್ತಿದೆ. ಏನಂದೆ? ಬಟ್ಟೆ ಕತ್ತರಿಸಬೇಡವಾ? ಮದುವೆಯೇ ಬೇಡವಾ? ಭಲೇ! ಮೂರು ದಿನದಿಂದ ಆ ಬಟ್ಟೆ ಈ ಮೇಜಿನ ಮೇಲೆ ಮಹಾರಾಣಿ ಹಾಗೆ ಮಲಗಿದೆ. ಮದುವೆ ಬೇಡ ಅಂತ ಆ ಬಟ್ಟೆಗೆ ನೀನೇ ಹೇಳು. ಮಗಳ ಮದುವೆ ಉಡುಪು ಹೊಲಿಯೋಕೆ ಅಂತ ನಾನು ಗಿರಾಕಿಗಳನ್ನೆಲ್ಲ ವಾಪಸ್ ಕಳಿಸಿದ್ದೀನಿ!

ಹುಡುಗನ ಜೊತೆ ಜಗಳವಾ? ಅಲ್ವಾ? ಒಳ್ಳೇ ಹುಡುಗ ಕಣೇ, ನನ್ನ ಜೋಕಿಗೆಲ್ಲ ನಗ್ತಾನೆ. ಅಷ್ಟು ಸಹನೆ ಇರೋ ಗಂಡು ಎಲ್ಲಿ ಸಿಗ್ತಾನೆ! ನಗು, ನಗು... ನಗಲ್ವಾ. ಸರಿ. ಅಂಗಿ ತೋಳು ಯಾಕೆ ಮೇಲಕ್ಕೆ ಮಡಿಸ್ತಿದ್ದೀಯ? ಎಲ್ಲಿ, ಬೆಳಕಿಗೆ ಬಾ...

ಓ.

ಇಷ್ಟೇನಾ? ಇದಕ್ಕಾ ಇಷ್ಟು ರಂಪ? ಮೊಣಕೈ ಮೇಲೆ ಹೊಟ್ಟೇಳೋ ಒಂದು ಕೆಂಪು ಕಲೆ, ಗುಂಡಿಯಷ್ಟಗಲ... ಆಯ್ತಪ್ಪ, ಕೋಟಿನ ಗುಂಡಿ ಅನ್ನು. ಕೆರೀಬೇಡ! ಕೆರೆದಷ್ಟೂ ಹರಡುತ್ತೆ. ಹೋದ ತಿಂಗಳು ಗಂಟಲು ನೋವು ಬಂದಿತ್ತಲ್ಲ, ಅದೇ ಇದನ್ನ ಕೆಣಕಿರುತ್ತೆ. ಡಾಕ್ಟ್ರು ಏನಂದ್ರು? ಸೋರಿಯಾಸಿಸ್... ಹೂಂ.

ಅದು ಅಂಟೋದಲ್ಲ ಕಣೇ. ಅವನ ಕೈ ಹಿಡಿದ್ರೆ ಅವನಿಗೆ ಬರಲ್ಲ. ಗೊತ್ತಾ? ಮತ್ತೇನು ತಲೆಬಿಸಿ? ಮಕ್ಕಳಿಗೆ ಬಂದ್ರೆ ಅಂತಾನಾ... ಓಹೋ! ಇನ್ನೂ ಹುಟ್ಟದ ಮಕ್ಕಳಿಗಾಗಿ ಈಗಲೇ ಅಳ್ತಿದ್ದೀಯ!

ಕೇಳಿಲ್ಲಿ. ರಕ್ತದಲ್ಲಿ ಹರಿದು ಬರೋದು ಕಾಯಿಲೆ ಅಲ್ಲ, ಬಂದರೂ ಬರಬಹುದು ಅನ್ನೋ ಒಂದು ಗುಣ ಅಷ್ಟೆ. ಅದೂ ಒಂದು ಜೀನಿನ ಕೆಲಸ ಅಲ್ಲ, ಹತ್ತಾರು ಸೇರಬೇಕು. ಆಮೇಲೂ ಗಂಟಲು ನೋವೋ, ಚಿಂತೆಯೋ, ಏನಾದ್ರೂ ಕೆಣಕಬೇಕು. ಅಪ್ಪ ಅಮ್ಮರಲ್ಲಿ ಒಬ್ಬರಿಗಿದ್ರೆ ನೂರು ಮಕ್ಕಳಲ್ಲಿ ಹತ್ತಕ್ಕೋ ಹದಿನೈದಕ್ಕೋ ಬರಬಹುದು. ಉಳಿದವು ಆರಾಮಾಗಿ ಕೈ ಬೀಸ್ಕೊಂಡು ಓಡಾಡ್ತವೆ.

ಮನೇಲಿ ಯಾರಿಗಾದ್ರೂ ಇದೆಯಾ ಅಂತ ಡಾಕ್ಟ್ರು ಕೇಳಿದ್ರಾ? ನೀನೇನಂದೆ? ಯಾರಿಗೂ ಇಲ್ಲ... ಹಾಂ. ನಿಮ್ಮಮ್ಮನ ಕಡೆ ಇರಬಹುದು ಬಿಡು! ನಿನ್ನ ಸೋದರಮಾವ ಯಾವಾಗ ನೋಡಿದ್ರೂ ಬಾಗಿಲಿಗೆ ಬೆನ್ನು ಉಜ್ತಾ ನಿಂತಿರ್ತಾನೆ...

ಇದೆಲ್ಲ ನನಗೆ ಹೇಗೆ ಗೊತ್ತಾ? ದರ್ಜಿ ಅಲ್ವೇನೇ ನಾನು! ದಿನಕ್ಕೆ ಹತ್ತು ಜನರ ಮೈ ನೋಡ್ತೀನಿ. ಗಿರಾಕಿಗಳು ಏನೇನೋ ಹೇಳ್ತಾರೆ. ಆ ಹತ್ತು-ಹದಿನೈದರ ಮಾತು ಮಾತ್ರ ಡಾಕ್ಟ್ರೇ ಹೇಳಿದ್ದು, ನೀನು ನಿಮ್ಮಮ್ಮನ ಹೊಟ್ಟೇಲಿದ್ದಾಗ ಹೋಗಿ ಕೇಳಿದ್ದೆ...



ಹಾಗೆ ನೋಡಬೇಡ ಕಣೇ.

...ನನಗಿದೆ. ಬೆನ್ನಿಗೆ. ಸೊಂಟಕ್ಕೂ. ಮದುವೆಗೆ ಮುಂಚಿನಿಂದಲೂ. ನಿಮ್ಮಮ್ಮನಿಗೆ ಹೇಳಿದೆ ಅಂದ್ರೆ ಸುಳ್ಳು, ಅವಳೇ ನೋಡಿದಳು. ಒಂದು ವಾರ ಮಾತು ಬಿಟ್ಟಳು. ಕಾಯಿಲೆಗಲ್ಲ, ಮುಚ್ಚಿಟ್ಟಿದ್ದಕ್ಕೆ. ಆಮೇಲೆ ಮುಲಾಮಿನ ಡಬ್ಬಿ ಹಿಡ್ಕೊಂಡು ತಾನೇ ಬಂದು ಕೂತಳು. ಇವತ್ತಿಗೂ ನನ್ನ ಕೈಗೆ ಎಟುಕದ ಕಡೆ ಹಚ್ಚೋಳು ಅವಳೇ. ಮಗಳಿಗೆ ಹೇಳೋಣ ಅಂತ ಎಷ್ಟು ಸಲ ಅಂದಳು! ನಾನೇ ಬೇಡ ಅಂದೆ. ಹೇಳದಿದ್ರೆ ನಿನಗೆ ಬರಲ್ಲ ಅನ್ನೋ ಹಾಗೆ... ಎಂಥ ಪೆದ್ದ ನೋಡು ನಿಮ್ಮಪ್ಪ.

ನೀನು ನನ್ನ ಥರ ಮಾಡಬೇಡ. ಆ ಹುಡುಗನಿಗೆ ಹೇಳು. ಅವನು ಏನಂತಾನೋ ಕೇಳು. ಅವನ ಉತ್ತರಾನೂ ನೀನೇ ಕೊಟ್ಟುಬಿಟ್ಟರೆ ಹೇಗೆ?

ಮುಚ್ಚಿಟ್ಟಿದ್ದಕ್ಕೆ ಬೈಬೇಕಾ ಮಗಳೇ? ಬೈಯಿ, ಪರವಾಗಿಲ್ಲ.

...ನೀನು ಸ್ಕೂಲಿಗೆ ಹೋಗ್ತಿದ್ದಾಗ ವರ್ಷಕ್ಕೆರಡು ಸಲ ಯೂನಿಫಾರ್ಮಿಗೆ ಅಳತೆ ತಗೊಳ್ತಿದ್ನಲ್ಲ? ಕೈ ಮಡಚು, ಮೊಣಕೈ ತೋರಿಸು, ಅಂತ? ಅರ್ಧ ತೋಳಿನ ಅಂಗಿ ಕಣೇ ಅದು. ಮೊಣಕೈ ಅಳತೆ ಯಾಕೆ ಬೇಕು? ಸುಮ್ಮನೆ ಟೇಪು ಹಿಡ್ಕೊಂಡು, ಕಲೆ ಬಂದಿದೆಯಾ ಅಂತ ನೋಡ್ತಿದ್ದೆ. ನುಣ್ಣಗಿದ್ರೆ ಅವತ್ತಿಡೀ ಹಾಡ್ಕೊಂಡು ಹೊಲೀತಿದ್ದೆ.