ಉಗುರಿನಡಿಯ ರಾಗಿಕಾಳು

ನಗಬೇಡಿ. ನನ್ನ ಸ್ವಂತ ದೊಡ್ಡಮ್ಮನಿಗೇ ಆಗಿದ್ದು. ಹಾರಂಗಿ ನಾಲೆ ಪಕ್ಕದ ಊರಿನ ಕಾಳಮ್ಮ.

ಹೋದ ಜನವರಿ. ಡೇರಿಗೆ ಹಾಲು ಹಾಕಿ, ಕತ್ತಲಲ್ಲಿ ಒಬ್ಬಳೇ ಮನೆಗೆ ಬರ್ತಿದ್ದಳು. ದಾರೀಲಿ ಆ ಬಾವಿ... ಅವಳ ಸೊಸೆ ಮುದ್ದಿ ಬಿದ್ದು ಸತ್ತ ಬಾವಿ.

ಸಾಯೋ ಮೊದಲು ನಾಲ್ಕು ವರ್ಷ ಮುದ್ದಿಗೆ ಬಲಗೈ ಉಂಗುರದ ಬೆರಳಲ್ಲಿ, ಉಗುರಿನ ಕೆಳಗೆ ನೋವು. ತಣ್ಣೀರು ತಾಗಿದರೆ ಸಾಕು, ಚೀರೋಳು. ಎಕ್ಸ್‌ರೇಲಿ ಏನೂ ಕಾಣಲಿಲ್ಲ. "ಸಣ್ಣ ಗಂಟಿರಬಹುದು, ಎಂಆರ್‌ಐ ಮಾಡಿಸಿ," ಅಂದಿದ್ದರು ಡಾಕ್ಟರು.

"ಪಾತ್ರೆ ತೊಳೆಯೋಕೆ ಮೈಗಳ್ಳತನ. ಬರೀ ನಾಟಕ," ಅಂದಳು ದೊಡ್ಡಮ್ಮ. ಮುದ್ದಿ ಗಂಡ ಶಶಿಕುಮಾರ್ ಅವ್ವನ ಮಾತು ಕೇಳಿ ಎಂಆರ್‌ಐ ಮಾಡಿಸಲೇ ಇಲ್ಲ. ಒಂದು ಚಳಿ ಬೆಳಗ್ಗೆ ನೀರು ಸೇದುವಾಗ ಹಗ್ಗ ಆ ಬೆರಳಿಗೆ ಉಜ್ಜಿತು... ಹುಡುಗಿ ಹೋಗಿಬಿಟ್ಟಳು.

ಆ ರಾತ್ರಿ ದೊಡ್ಡಮ್ಮ ಬಾವಿ ಹತ್ತಿರ ಬಂದಾಗ ರಾಟೆ ಸದ್ದು. ಕಿರ್ರ್... ಕಿರ್ರ್... ಹಗ್ಗವೇ ಇಲ್ಲದ ರಾಟೆ! ಆಮೇಲೆ ಎರಡು ಒದ್ದೆ ಬೆರಳು ದೊಡ್ಡಮ್ಮನ ಉಗುರನ್ನು ಚಿವುಟಿ ಹಿಡಿದವು.

"ಅತ್ತೆ... ಇಲ್ಲೇ."

ಅಷ್ಟೇ.

ಅವತ್ತಿಂದ ಅದೇ ಬೆರಳು, ಅದೇ ನೋವು. ಎಕ್ಸ್‌ರೇಲಿ ಏನೂ ಇಲ್ಲ. ಅವಳು ಗೋಳಾಡಿದರೆ ನನಗೆ ಅಯ್ಯೋ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ? ಆದರೆ ಬೆರಳೇ ಕಡಿದುಹಾಕ್ತೀನಿ ಅಂತ ಮಚ್ಚು ಹುಡುಕಿದಳು ನೋಡಿ, ಆಗ ನಾನೂ ಶಶಿಯೂ ಎಂಆರ್‌ಐಗೆ ಕರ್ಕೊಂಡು ಹೋದೆವು.

ಮಿಷನ್ನು ಟಕ್... ಟಕ್... ಗರ್ರ್ ಅಂತಿತ್ತು. ನಾನು ಬಾಗಿಲಲ್ಲೇ ಕೂತಿದ್ದೆ. ಒಳಗೆ ಹೋದವಳು ಅವಳೊಬ್ಬಳೇ.

"ಗಂಟಿದೆ," ಅಂದರು ಡಾಕ್ಟರು. "ಉಗುರಿನಡಿ, ರಾಗಿಕಾಳಿನಷ್ಟು. ತೆಗೆದರೆ ನೋವು ಹೋಗುತ್ತೆ."

ದೊಡ್ಡಮ್ಮ ಕೈಮುಗಿದಳು. ನಾಟಿ ಮಾಡಿ ಮಾಡಿ ಗೆಣ್ಣೆಲ್ಲ ಊದಿದ ಕೈ. ಡಾಕ್ಟರು ಅದನ್ನೇ ನೋಡಿದರು. ಮತ್ತೆ ಫಿಲಂ ನೋಡಿದರು.

"ಇದು ಇಪ್ಪತ್ತೈದರ ಹುಡುಗಿ ಕೈ. ಯಾರ ಫಿಲಂ ತಂದ್ರಿ?"

ಇನ್ನೊಮ್ಮೆ ಸ್ಕ್ಯಾನ್ ಮಾಡಿದರು. ಅದೇ ಕೈ.

ಶಶಿ ಫಿಲಂ ಬೆಳಕಿಗೆ ಹಿಡಿದ. ಕಿರುಬೆರಳು ಹಿಂದೆಂದೋ ಮುರಿದು ಸೊಟ್ಟಗೆ ಕೂಡಿತ್ತು. ಅವನ ಮುಖ ಬಿಳಿಚಿಕೊಂಡಿತು.

"ಅವ್ವಾ... ಮುದ್ದಿ ಕೈ ಇದು, ಅವಳದೇ ಸೊಟ್ಟ ಕಿರುಬೆರಳು," ಅಂತ ಪಿಸುಗುಟ್ಟಿದ. "ಅವಳು ಸುಳ್ಳು ಹೇಳಿರಲಿಲ್ಲ ಕಣವ್ವಾ."

ಮಡಿಕೇರಿ, ಮೈಸೂರು ಸೇರಿ ಮೂರು ಕಡೆ ಮಾಡಿಸಿದೆವು. ಎಲ್ಲಾ ಕಡೆ ಅದೇ ಕೈ. ಬೇರೆಯವರ ಫಿಲಂ ನೋಡಿಕೊಂಡು ಇವಳ ಬೆರಳು ಕೊಯ್ಯೋಕೆ ಯಾರು ಒಪ್ತಾರೆ? ದೊಡ್ಡಮ್ಮ ಇವತ್ತಿಗೂ ಚೀರ್ತಾಳೆ. ನಿಜ ಕಣ್ರೀ, ಕೊನೆಯ ಡಾಕ್ಟರ ಚೀಟಿ ನನ್ನ ಹತ್ರಾನೇ ಇದೆ. ನಮಗೆ ಅರ್ಥವಾಗಲಿ ಅಂತ ಕನ್ನಡದಲ್ಲೇ ಬರೆದುಕೊಟ್ಟಿದ್ದಾರೆ, ಒಂದೇ ಸಾಲು:

"ಈ ಫಿಲಂನ ರೋಗಿಯನ್ನು ಕರೆತನ್ನಿ."