ಹದಿನಾರು ಬೈಟಿನ ಮೀಸಲು

ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಹೋದ ವರ್ಷ ನಮ್ಮ ಚಿಕ್ಕಮ್ಮನ ಮಗ ಮಾಂತುಗೆ ಆದದ್ದು ಇದು.

ರಾತ್ರಿ ಹನ್ನೆರಡು ದಾಟಿತ್ತು. ವಾಕಡ ಊರಿನ ಹಳೇ ಬಾವಿಯ ಪಕ್ಕದಿಂದ ಮಾಂತು ಮನೆಗೆ ನಡೆದು ಬರುತ್ತಿದ್ದ. ಜೊತೆಗೆ ಕುಶಲ, ಆಫೀಸಿನಲ್ಲಿ ಪಕ್ಕದ ಮೇಜಿನವ. ಮಾಂತುವಿನ ಚೀಲದಲ್ಲಿ ಅಂಗೈಯಗಲದ ಕಂಪ್ಯೂಟರ್ ಬೋರ್ಡು. ಆಫೀಸಿನಲ್ಲಿ ಬಿಟ್ಟರೆ ಕುಶಲ ಮುಟ್ಟುತ್ತಾನೆಂಬ ಗುಮಾನಿ.

ಹಬ್ಬದ ದಿನ ಯಾರೂ ಉಣ್ಣುವ ಮೊದಲು ಮೀಸಲು ತೆಗೆದಿಡುತ್ತೇವಲ್ಲ, ಹಾಗೆ ಬೋರ್ಡು ಎಚ್ಚರಾದ ಕೂಡಲೇ ಅದರ ಕರ್ನಲ್ಲು, ಅಂದರೆ ಎಲ್ಲಕ್ಕೂ ಮೊದಲು ಓಡುವ ಮೂಲ ಸಾಫ್ಟ್‌ವೇರು, ಮೆಮೊರಿಯಲ್ಲಿ ಒಂದಿಷ್ಟು ಜಾಗ ಮೀಸಲಿಡುತ್ತದೆ. ಆ ಜಾಗ ಸರಿಯಾಗಿ ಗೊತ್ತುಮಾಡಿದ ಗೆರೆಯಿಂದಲೇ ಶುರುವಾಗಬೇಕು. ಕೂದಲೆಳೆ ಸರಿದರೂ ತಪಾಸಣೆ ಒಪ್ಪುವುದಿಲ್ಲ, ಬೋರ್ಡು ಅಲ್ಲೇ ನಿಲ್ಲುತ್ತದೆ. ಮಾಂತು ಬರೆದ ಪ್ರೋಗ್ರಾಮಿನಲ್ಲಿ ಆ ಜಾಗ ಒಂದು ವಾರದಿಂದ ಹದಿನಾರು ಬೈಟು ಸರಿಯುತ್ತಿತ್ತು. ತಿದ್ದಿದರೆ, ಮತ್ತೆ ಹದಿನಾರು. ಬೆಳಿಗ್ಗೆ ಸಾಹೇಬರಿಗೆ ಉತ್ತರ ಕೊಡಬೇಕು, ಇಲ್ಲದಿದ್ದರೆ ಕೆಲಸಕ್ಕೇ ಸಂಚಕಾರ.

"ಖರೇ ಹೇಳು..." ಮಾಂತು ಪಿಸುಗುಟ್ಟಿದ. "ಕದ್ದು ತಿದ್ದಾಂವ ನೀನ ಹೌದಿಲ್ಲೋ?"

"ಅವ್ವನ ಆಣಿ, ನಾ ಕೈ ಹಚ್ಚಿಲ್ಲೋ."

ಬಾವಿಯೊಳಗೆ ಏನೋ ಬಿತ್ತು... ಬುಳುಕ್. ಇಬ್ಬರೂ ತಿರುಗಿ ನೋಡಲಿಲ್ಲ.

ಕುಶಲ ತನ್ನ ಮನೆ ಕಡೆ ಹೋದ. ಮನೆಗೆ ಬಂದು ಮಾಂತು ಅಗಳಿ ಹಾಕಿದ. ನೆಟ್ ಬಂದ್ ಮಾಡಿದ. ಒಂದೊಂದೇ ಅಂಕಿ ಓದಿ ಓದಿ ಹೊಸದಾಗಿ ಬರೆದು, ಬೋರ್ಡು ಚಾಲೂ ಮಾಡಿದ. ಲ್ಯಾಪ್‌ಟಾಪಿನಲ್ಲಿ ಸಾಲು ಬಂತು. ಹದಿನಾರು ಬೈಟು ಸರಿದಿದೆ... ಅದರ ಮೇಲೆ ಇನ್ನೊಂದು ಸಾಲು. ಅವನಿಗಿಂತ ಮೊದಲೇ ಯಾರೋ ಹದಿನಾರು ಬೈಟು ಮೀಸಲಿಟ್ಟುಕೊಂಡಿದ್ದರು. ಮೀಸಲು ಯಾರದು ಅನ್ನುವಲ್ಲಿ ಮಾತ್ರ ಖಾಲಿ.

ಮಾಂತು ಬೋರ್ಡಿನ ವೈರು ಕಿತ್ತು ಎರಡೂ ಕೈಯಲ್ಲಿ ಬಿಗಿ ಹಿಡಿದು ಕೂತ.

ಟಕ್... ಟಕ್ ಟಕ್... ಟಕ್.

ಒಳಗೆ ಮಲಗಿದ್ದ ಅವ್ವ ರುದ್ರವ್ವ ಮೆಲ್ಲಗೆ ಕೇಳಿದಳು: "ಯಾರ ಬಂದಾರೋ ಮಾಂತೂ?"

"ಯಾರೂ ಇಲ್ಲವ್ವಾ. ನಾನ ಟೈಪ್ ಮಾಡಾಕತ್ತೀನಿ, ಮಲಕೋ."

ಕೀಬೋರ್ಡು ಅವನಿಂದ ಒಂದು ಮಾರು ದೂರ ಇತ್ತು.

ಬೆಳಿಗ್ಗೆ ಸಾಹೇಬರು ಕೇಳಿದ್ದು ಒಂದೇ ಮಾತು, ಯಾರ ಕೆಲಸ ಇದು? ದೆವ್ವದ ಕೆಲಸ ಅಂದರೆ ಇವನನ್ನೇ ಹೊರಗೆ ಹಾಕುತ್ತಿದ್ದರು. ಮಾಂತು ಕುಶಲನ ಹೆಸರು ಹೇಳಿಬಿಟ್ಟ. ಪಾಪ, ಅವನು ಬಾಯಿ ತೆರೆಯುವಷ್ಟರಲ್ಲಿ ಕೆಲಸ ಹೋಗಿತ್ತು. ನನಗಂತೂ ಮಾಂತುವಿನ ಮೇಲೆ ಇನ್ನೂ ಸಿಟ್ಟಿದೆ.

ಕತೆ ಕಟ್ಟುತ್ತಿಲ್ಲ ರೀ. ಆ ಬೋರ್ಡು ಬಿಸಾಡಿ ಹೊಸದು ತರಿಸಿದರು. ಅದರ ಸೀಲು ಒಡೆಯುವಾಗ ಮಾಂತುವಿಗೆ ಬುತ್ತಿ ಕೊಡಲು ಹೋಗಿದ್ದ ನಾನು ಅಲ್ಲೇ ಇದ್ದೆ, ಮೊದಲ ಸಲ ಚಾಲೂ ಮಾಡಿದ್ದನ್ನೂ ಕಣ್ಣಾರೆ ಕಂಡೆ. ಅದೇ ಸಾಲು ಬಂತು. ಮೀಸಲು ಯಾರದು ಅನ್ನುವಲ್ಲಿ ಕುಶಲ ಅಂತ ಇತ್ತು.